ಇಪ್ಪತ್ತೆಂಟು ಮಕ್ಕಳು

ಮಾರ್ಚ್ ೧೪

ಪ್ರೀತಿಯ ಅಕ್ಕನಿಗೆ, ನೀವು ಬಳಪ ಎಂದು ಕರೆಯುತ್ತಿದ್ದ ಹುಡುಗಿಯ ನಮಸ್ಕಾರ.

ನಿಮ್ಮ ಎರಡು ಕಾಗದಗಳಿಗೂ ಉತ್ತರಿಸದೆ ಕೂತಿದ್ದಕ್ಕೆ ಬೈಯಿರಿ. ಕೆಲಸ ಹೆಚ್ಚಿತ್ತು ಎಂದರೆ ನೀವು ನಂಬುವುದಿಲ್ಲ. ನಿಮಗೆ ಬರೆಯಲು ಮುಖವಿರಲಿಲ್ಲ, ಅಷ್ಟೆ.

ನಿಮ್ಮ ಜೊತೆ ಪಾಠ ಹೇಳುವುದನ್ನು ಬಿಟ್ಟು ಈ ಶಿಕ್ಷಣ ಸಂಶೋಧನಾ ಕೇಂದ್ರ ಸೇರಿ ಹನ್ನೊಂದು ವರ್ಷವಾಯಿತು. "ಹೋಗು ಮಾರಾಯ್ತಿ, ನಮ್ಮ ಕಷ್ಟ ಮೇಲಿನೋರ ಕಿವಿಗೆ ಬೀಳ್ಲಿ" ಎಂದು ನೀವೇ ಕಳಿಸಿದ್ದಿರಿ. ಮೂವತ್ತಕ್ಕಿಂತ ಕಡಿಮೆ ಮಕ್ಕಳಿರುವ ಶಾಲೆಗಳನ್ನು ದೊಡ್ಡ ಶಾಲೆಗೆ ಸೇರಿಸಿದರೆ ತರಗತಿಗೊಬ್ಬ ಟೀಚರ್ ಸಿಗುತ್ತಾರೆ ಎಂದು ವರದಿಯಲ್ಲಿ ಬರೆದವಳು ನಾನೇ. ಐದು ತರಗತಿಗಳನ್ನು ಒಂದೇ ಕೋಣೆಯಲ್ಲಿ ಕೂರಿಸಿಕೊಂಡು ನೀವು ಗಂಟಲು ಹರಿದುಕೊಂಡದ್ದನ್ನು ಕಂಡೇ ಹಾಗೆ ಬರೆದೆ.

ಹಾಜರಿ ಪುಸ್ತಕ ನಂಬಬಾರದು, ನಾವು ಹೋದ ದಿನ ಬೆಂಚಿನ ಮೇಲೆ ಕೂತವರನ್ನೇ ಎಣಿಸಬೇಕು ಎಂಬ ನಿಯಮವೂ ನನ್ನದೇ. ನಿಮ್ಮಲ್ಲಿಗೆ ಎಣಿಸಲು ಬಂದ ದಿನ ಮೂವರು ಜ್ವರದಿಂದ ಮನೆಯಲ್ಲಿದ್ದರು. "ಶಿಶುವಿಹಾರದಿಂದ ಇಬ್ಬರನ್ನ ಕರ್ಕೊಂಡ್ ಬರ್ಲಾ ಮೇಡಂ?" ಎಂದು ಆಯಾ ನಿಮ್ಮ ಕಿವಿಯಲ್ಲಿ ಅಂದದ್ದು ನನಗೂ ಕೇಳಿಸಿತು. ನೀವು ನಕ್ಕಿರಿ. "ಎಣಿಸೋಳು ನಮ್ಮ ಹುಡುಗಿ ಕಣಮ್ಮ. ಇವಳ ಹತ್ರ ಸುಳ್ಳು ಯಾಕೆ? ಇದ್ದಿದ್ದನ್ನೇ ಬರ್ಕೊಳ್ಲಿ." ಇಪ್ಪತ್ತೆಂಟು ಎಂದು ಬರೆದುಕೊಂಡೆ.

ಜೂನ್‌ನಿಂದ ನಿಮ್ಮ ಶಾಲೆಗೆ ಬೀಗ. ಚಿಕ್ಕ ಮಕ್ಕಳು ಹೆದ್ದಾರಿ ದಾಟಿ ಹೋಗಬೇಕು ಎಂದು ಬರೆದಿದ್ದೀರಿ, ಆದರೆ ನನ್ನನ್ನು ಒಂದು ಮಾತೂ ಅಂದಿಲ್ಲ. ನಿನ್ನೆ ನಿರ್ದೇಶಕರ ಕೋಣೆಗೆ ಹೋಗಿ, ಆ ಶಾಲೆಯನ್ನು ಇನ್ನೊಮ್ಮೆ ಎಣಿಸೋಣ ಎಂದೆ. "ನಿಯಮ ನಿಮ್ದೇ ಅಲ್ವಾ ಮೇಡಂ?" ಅಂದರು. ವಾಪಸು ಬಂದೆ.

ಮೊಣಕಾಲಿಗೆ ಎಣ್ಣೆ ಹಚ್ಚುವುದನ್ನು ಬಿಡಬೇಡಿ. ಮಕ್ಕಳೆಲ್ಲ ಚೆನ್ನಾಗಿರಲಿ. ನನಗೂ ಒಂದು ಆಶೀರ್ವಾದ ಮಾಡಿ, ಮನಸ್ಸು ಬಂದರೆ.

ಇಂತಿ ನಿಮ್ಮ
ಬಳಪ

ತಾ.ಕ.: ಇದನ್ನು ಹೇಳದೆ ಲಕೋಟೆ ಅಂಟಿಸಲಾಗಲಿಲ್ಲ. ನಿಮ್ಮಲ್ಲಿ ಎಣಿಸಿದ ದಿನವೇ ಮಧ್ಯಾಹ್ನ ನಿಮ್ಮ ಪಕ್ಕದೂರಿನ ಶಾಲೆಗೆ ಹೋಗಿದ್ದೆ. ಮೂರನೇ ತರಗತಿಯ ಬೆಂಚಿನಲ್ಲಿ ನಾಲ್ಕು ಮಕ್ಕಳ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ. "ನಿಂಗೆಷ್ಟು ವಯಸ್ಸು ಪುಟ್ಟಿ?" ಎಂದು ಒಂದನ್ನು ಕೇಳಿದೆ. ಮೂರು ಬೆರಳು ತೋರಿಸಿತು. ತಕರಾರು ತೆಗೆದರೆ ಊರೂರಿನ ಎಣಿಕೆಯೂ ಮೊದಲಿನಿಂದ ಆಗಬೇಕಿತ್ತು, ವರದಿಗೆ ಉಳಿದಿದ್ದು ಒಂದೇ ವಾರ. ನಾಲ್ಕನ್ನೂ ಸೇರಿಸಿ ಮೂವತ್ತೆರಡು ಎಂದು ಬರೆದು ಸಹಿ ಹಾಕಿದೆ. ಆ ಶಾಲೆ ಉಳಿದಿದೆ ಅಕ್ಕ.