ಭಾವ ತಂದ ಡ್ರೋನ್

ಮಾರ್ಚ್ ೧೪, ಶುಕ್ರವಾರ

ಮೊದಲ ಡ್ರೋನ್ ಹೊಸದನ್ನೇ ತಗೋಬೇಕು ಅಂತಿದ್ದೆ. ಮದುವೆ ವಿಡಿಯೊ ಮಾಡೋ ಭಾವ ಸಂಜೆ ನನ್ನ ಸ್ಟುಡಿಯೋಗೆ ಒಂದನ್ನು ತಂದು, "ಗೆಳೆಯನದ್ದು, ಎರಡೇ ಸಲ ಹಾರಿಸಿದ್ದಾನೆ. ಕಣ್ಣು ಮುಚ್ಚಿಕೊಂಡು ತಗೋ" ಅಂದರು. ರೆಕ್ಕೆಗಳ ಅಂಚೆಲ್ಲ ಸವೆದಿತ್ತು. ಯಾವ ಗೆಳೆಯ ಅಂದರೆ ಮಾತು ತೇಲಿಸಿದರು. ನನಗೇ ಟೋಪಿ ಹಾಕ್ತಿದ್ದಾರಲ್ಲ ಅಂತ ಮೈಯೆಲ್ಲ ಉರಿಯಿತು.

ಅವರು ಹೋದ ಮೇಲೆ ಒಳಗಿದ್ದ ಮೆಮೊರಿ ಕಾರ್ಡ್ ಹಾಕಿ ನೋಡಿದೆ. ಮೊದಲ ವಿಡಿಯೊದಲ್ಲಿ ಭಾವನೇ ತಲೆಯೆತ್ತಿ ನಗುತ್ತಿದ್ದಾರೆ, ಪಕ್ಕದಲ್ಲಿ ಅಕ್ಕ ಚಪ್ಪಾಳೆ ತಟ್ಟುತ್ತಿದ್ದಾಳೆ. ಆಮೇಲೆ ಬರೀ ಮದುವೆಗಳು. ಕೊನೆಯದು ಏಳು ತಿಂಗಳ ಹಿಂದಿನದು.

ಅಕ್ಕನಿಗೆ ಫೋನ್ ಮಾಡಿದೆ. "ಅವರಿಗೇನು, ಕೆಲಸದ ಮೇಲೆ ಕೆಲಸ. ಇವತ್ತು ಸಂಜೆಯೂ ಮದುವೆಗೇ ಹೋಗಿದ್ದರು" ಅಂದಳು.

"ಹೌದಾ" ಅಂದೆ, ಅಷ್ಟೇ. ಭಾವನಿಗೆ ಏಳು ತಿಂಗಳಿಂದ ಕೆಲಸವಿಲ್ಲ ಅನ್ನೋದು ಅವಳಿಗೆ ನಿಜವಾಗಲೂ ಗೊತ್ತಿಲ್ಲವೋ, ಗೊತ್ತಿದ್ದೂ ನನ್ನ ಹತ್ತಿರ ಮುಚ್ಚಿಡ್ತಿದ್ದಾಳೋ. ಡ್ರೋನ್ ಅಂತೂ ಇದನ್ನೇ ತಗೋತೀನಿ. ಆದರೆ ನಾಳೆ ದುಡ್ಡು ಕೊಡುವಾಗ ಭಾವನ ಮುಖ ಹೇಗೆ ನೋಡಲಿ...