ಲಿಂಗಕ್ಕೆ ಸೋಸಿದ ನೀರು

ಸೌಭಾಗ್ಯವತಿ ಸೊಸೆ ಜಗದಾಂಬಳಿಗೆ, ದೊಡ್ಡೇರಿ ಹೋಬಳಿಯ ಮನೆಯಿಂದ ಮಾವ ನಂದೀಶ್ವರಯ್ಯನ ಆಶೀರ್ವಾದ.

ಎಲ್ಲರೂ ಕ್ಷೇಮ ಎಂದು ಬರೆಯುವುದು ರೂಢಿ. ಮನೆಯವರೆಲ್ಲ ಕ್ಷೇಮ, ನಾನೊಬ್ಬ ಅಲ್ಲ. ಎಡಗಾಲಿನ ಮೀನಖಂಡದಲ್ಲಿ ಬೊಕ್ಕೆ ಎದ್ದು ಒಡೆದು ನಾರುಹುಣ್ಣಿನ ಹುಳ ತಲೆ ಹಾಕಿದೆ. ಕಡ್ಡಿಗೆ ಸುತ್ತಿ ದಿನಕ್ಕೆ ಬೆರಳಷ್ಟು ಎಳೆಯುತ್ತಿದ್ದೇನೆ. ಮಠದ ಓದು ಅರ್ಧಕ್ಕೆ ಬಿಟ್ಟವನ ಅಕ್ಷರ, ಹೊಂದಿಸಿಕೊಂಡು ಓದು.

ಹೋದ ಬೇಸಿಗೆಯಲ್ಲಿ ನೀನು ಕುಡಿಯುವ ನೀರನ್ನೂ ಸೋಸತೊಡಗಿದಾಗ ನಾನು ಆಡಿದ್ದೆಲ್ಲ ನೆನಪಿದೆ. ನಮ್ಮಲ್ಲಿ ಲಿಂಗಪೂಜೆಗೆ ಮಾತ್ರ ಸೋಸಿದ ನೀರು. ಕುಡಿಯುವುದಕ್ಕೆ ಮೆಟ್ಟಿಲು ಬಾವಿಯಿಂದ ತಂದದ್ದು ತಂದ ಹಾಗೇ. ಆ ನೀರು ಸಿಹಿ, ತೊಗರಿಬೇಳೆ ಎರಡು ಕುದಿಗೆ ಕರಗುತ್ತದೆ. ಸೇದುವ ಬಾವಿಯದು ಸವಳು. ಬೇಳೆ ಬೇಯಿಸುವ ನೀರು ಕೆಟ್ಟದ್ದು ಹೇಗಾದೀತು? ನಾರುಹುಣ್ಣು ಉಷ್ಣಕ್ಕೆ ಬರುತ್ತದೆ ಎಂದೇ ನಂಬಿದವರು ನಾವು.

"ಹುಣ್ಣಿನ ಕಾಲು ಬಾವೀಲಿ ಅದ್ದೋದ್ರಿಂದ ಹುಳದ ಮರಿ ನೀರಿಗೆ ಸೇರ್ತದೆ ಮಾವಯ್ಯ. ಈ ವರ್ಷ ಕುಡಿದದ್ದು ಬರೋ ವರ್ಷ ಕಾಲಲ್ಲಿ ಬತ್ತದೆ ಅಂತ ನಮ್ಮಪ್ಪನ ಊರು ಕೊಳಾಲಕ್ಕೆ ಬಂದಿದ್ದ ಡಾಕ್ಟರು ಹೇಳವ್ರೆ" ಎಂದು ನೀನು ಹೇಳಿದೆ. "ನೀರು ಬಸುರಾಗಿ ಹಡೀತದೇನಮ್ಮಾ?" ಎಂದು ನಾನು ನಗಾಡಿದೆ. ನಿನ್ನ ಅತ್ತೆಯೂ ನಕ್ಕಳು. ನೀನು ನಗಲಿಲ್ಲ. "ಲಿಂಗಕ್ಕೆ ಸೋಸ್ತೀರಿ, ಮನೆ ಮಕ್ಳಿಗ್ಯಾಕೆ ಸೋಸಬಾರ್ದು?" ಎಂದು ಕೇಳಿ ಬಿಂದಿಗೆಯ ಬಾಯಿಗೆ ಬಟ್ಟೆ ಕಟ್ಟಿದೆ. ನಾನು ಮಾತ್ರ ಹಟಕ್ಕೆ ಬಾವಿಗಿಳಿದು ಬೊಗಸೆಯಲ್ಲೇ ಕುಡಿದೆ.

ಸಂಕ್ರಾಂತಿಗೆ ನೆಂಟರು ಬಂದಾಗ ಅವರೆದುರಿಗೇ ನೀನು ಸೋಸಿದ್ದು ನನಗೆ ಅವಮಾನವಾಗಿ ಕಂಡಿತು. "ನಮ್ಮೂರ ನೀರಿಗೆ ಕೆಟ್ಟ ಹೆಸರು ತರ್ತೀಯಾ? ಹೋಗು, ನಿಮ್ಮಪ್ಪನ ಮನೇಲಿ ಸೋಸ್ಕೊಂಡು ಕುಡಿ" ಎಂದು ಬಟ್ಟೆ ಕಿತ್ತು ಒಲೆಗೆ ಹಾಕಿದೆ. ನೀನು ಮಗುವನ್ನೆತ್ತಿಕೊಂಡು ಗಾಡಿ ಹತ್ತುವಾಗಲೂ ಅತ್ತೆಗೆ ಹೇಳಿದ್ದು ಒಂದೇ ಮಾತಂತೆ: "ಬಟ್ಟೆ ಎರಡು ಮಡಿಕೆ ಮಾಡಿ ಸೋಸಿ, ಬಿಡಬ್ಯಾಡಿ." ನಾನಾಗಿದ್ದರೆ ಬಿಂದಿಗೆ ಒಡೆದು ಹೋಗುತ್ತಿದ್ದೆ.

ಈ ಬೇಸಿಗೆ ನಮ್ಮ ಬೀದಿಯಲ್ಲಿ ಹುಣ್ಣಿಲ್ಲದ ಮನೆಯಿಲ್ಲ. ಚಿಕ್ಕಹನುಮಯ್ಯನ ಮನೆಯಲ್ಲಿ ನೇಗಿಲು ಹಿಡಿಯಲು ಒಂದು ನೆಟ್ಟಗಿನ ಕಾಲಿಲ್ಲ. ನಮ್ಮಲ್ಲಿ ನಿನ್ನ ಗಂಡ, ಅತ್ತೆ, ನಾದಿನಿ ಎಲ್ಲ ಓಡಾಡಿಕೊಂಡಿದ್ದಾರೆ, ಬಿದ್ದಿರುವವನು ನಾನೊಬ್ಬನೇ. ಇನ್ನೇನು ಸಾಕ್ಷಿ ಬೇಕು? ಊರಿನ ಹಿರಿಯರು ಇಷ್ಟು ಕಾಲ ಕಾಣದ್ದನ್ನು ಇಪ್ಪತ್ತರ ನೀನು ಕಂಡೆ. ನಕ್ಕರೂ ಬೈದರೂ ಕೈಬಿಡಲಿಲ್ಲ. ಅಂಥ ಗಟ್ಟಿ ಹೆಣ್ಣನ್ನು ನಾನು ನೋಡಿಲ್ಲ.

ಮೊನ್ನೆ ಉರಿ ತಾಳದೆ ಕಾಲು ಅದ್ದಲು ಬಾವಿಗೆ ಹೋದೆ. ಕಡೆಯ ಮೆಟ್ಟಿಲಲ್ಲಿ ನಿನ್ನ ಮಾತು ತಡೆಯಿತು. ಮೇಲೆ ಬಂದು ಕಟ್ಟೆಯಲ್ಲಿ ಕೂತೆ. ಅಷ್ಟರಲ್ಲಿ ಚಿಕ್ಕಹನುಮಯ್ಯ ಕುಂಟುತ್ತ ಬಂದ. "ಲೇ, ನೀರಿಗೆ ಕಾಲಿಟ್ಟೀಯ, ಜೋಕೆ!" ಎಂದೆ. "ಬಾವಿ ನೀವ್ ತೋಡ್ಸಿದ್ದಾ ಅಯ್ನೋರೆ?" ಎಂದ. "ಬಾವಿ ಊರ್ದು, ಹುಳ ನಿಂದು ಕಣ್ಲಾ, ಮನೇಲೇ ಮಡಿಕ್ಕೋ!" ಎಂದು ಅಟ್ಟಿದೆ. ಅಂದಿನಿಂದ ದಿನವೂ ಅಲ್ಲೇ ಕೂರುತ್ತಿದ್ದೇನೆ.

ತಪ್ಪು ನನ್ನದು. ಸೋಮವಾರ ನಿನ್ನ ಗಂಡ ಗಾಡಿ ತರುತ್ತಾನೆ. ಬರುವುದು ಬಿಡುವುದು ನಿನ್ನ ಮನಸ್ಸು. ನನ್ನ ಬಾಯಿಗೆ ಹೆದರಿ ಗಂಡಸರು ಹಿಂದಕ್ಕೆ ಹೋಗುತ್ತಾರೆ. ಹೆಂಗಸರು ಹೋಗುವುದಿಲ್ಲ, "ಯಾಕಯ್ಯಾ?" ಎಂದು ಕೇಳುತ್ತಾರೆ. ಬಿಡಿಸಿ ಹೇಳಲು ನನಗೆ ಬರುವುದಿಲ್ಲ. ನೀನೇ ಬೇಕು.

ನಿನ್ನ ಮಾತು ನಡೆಯಲಿ, ನಿನ್ನ ಮಗು ಊರೆಲ್ಲ ಓಡಾಡಿ ಬೆಳೆಯಲಿ.

ಸೋಮವಾರ ಕಟ್ಟೆಯ ಮೇಲೆ ಕೂತು ದಾರಿ ನೋಡುವ,
ನಿನ್ನ ಮಾವ
ನಂದೀಶ್ವರಯ್ಯ