ಚಪ್ಪಲಿಗಳ ಪಕ್ಕ ಕೂತ ಬೋಧಕ

ನವಲಿ
೧೭ ಆಗಸ್ಟ್ ೧೯೪೧

ಪ್ರೀತಿಯ ಗೆಳತಿ ಕರುಣಮ್ಮನಿಗೆ,

ಕರ್ತನ ಕೃಪೆ ನಿಮ್ಮ ಮನೆಯ ಮೇಲಿರಲಿ. ನಿನ್ನ ಕಾಗದ ಬಂದು ತಿಂಗಳಾಯಿತು. ತಡವಾದದ್ದಕ್ಕೆ ಬೇಸರ ಮಾಡಿಕೊಳ್ಳಬೇಡ. ಸಿಟ್ಟು ಇಳಿದ ಮೇಲೆ ಬರೆಯೋಣವೆಂದು ಕಾದೆ, ಅದು ಇಳಿಯಲಿಲ್ಲ. ಇಲ್ಲಿ ಸಜ್ಜೆ ಹೊಲದ ಕಳೆ ಮುಗಿದಿದೆ, ನನ್ನ ಮೊಣಕಾಲು ನೋವು ಮುಗಿದಿಲ್ಲ.

ನನ್ನ ಗಂಡ ಮುದಿಯಪ್ಪ ಯಾಕೆ ಮಂಕಾದರು, ಮನೆಮನೆಯ ಪ್ರಾರ್ಥನೆ ಯಾಕೆ ನಿಂತಿತು ಎಂದು ನಿನ್ನ ಯಜಮಾನರು ನಿನ್ನ ಕಾಗದದಲ್ಲಿ ಕೇಳಿಸಿದ್ದಾರೆ. ಈ ಸೀಮೆಯ ಬೋಧಕರಿಗೆಲ್ಲ ಹಿರಿಯರು ನಿನ್ನ ಯಜಮಾನರು. ಮಂಕು ಮಾಡಿದವರೂ ಅವರೇ.

ಬೇಸಿಗೆಯ ಕೊಪ್ಪಳದ ಕೂಟದಲ್ಲಿ ನೀನೂ ಇದ್ದೆ. ಯಾರ ಸಭೆಯಲ್ಲಿ ಜನ ಪವಿತ್ರಾತ್ಮ ತುಂಬಿ, ಯಾರಿಗೂ ತಿಳಿಯದ ಅನ್ಯಭಾಷೆಯಾಡಿದ್ದರೋ ಆ ಬೋಧಕರಿಗೆ ಜಮಖಾನ, ಉಳಿದವರಿಗೆ ಬಾಗಿಲಲ್ಲಿ ಚಪ್ಪಲಿಗಳ ಪಕ್ಕ ಜಾಗ. "ಹುರುಪು ಬರಲಿ ಅಂತ ಹಿಂಗ ಮಾಡೀನಿ. ಮುದಿಯಪ್ಪ, ನಿನ್ನ ಸಭಾಕ್ಕ ಆತ್ಮ ಬರಂಗಿಲ್ಲ, ಬರೇ ನೊಣ ಬರ್ತಾವ" ಅಂದರು ನಿನ್ನ ಯಜಮಾನರು. ಎಲ್ಲರೂ ನಕ್ಕರು. ನೀನೂ ಬಾಯಿಗೆ ಸೆರಗು ಹಿಡಿದೆ.

ಕಾಲರಾ ಬಂದಾಗ ಊರು ಬಿಟ್ಟು ಓಡದೆ, ಬಿದ್ದವರಿಗೆಲ್ಲ ಗಂಜಿ ಕುಡಿಸಿದ ಮನುಷ್ಯ ನನ್ನವರು. ಆಗಿನ ಹಿರಿಯರು, ತೀರಿಹೋದ ದೊಡ್ಡಯ್ಯನವರು, ನಮ್ಮ ಚಾಪೆಯ ಮೇಲೆ ಕೂತು, "ಮುದಿಯಪ್ಪ, ಈ ವಾರ ಯಾರ ಮನ್ಯಾಗ ಕೂತು ಅತ್ತಿ? ನಡಿ, ನಾನೂ ಬರ್ತೀನಿ" ಅನ್ನುತ್ತಿದ್ದರು. ಅವರು ಬಂದುಹೋದರೆ ಸಾಕು, ನನ್ನವರು ಕೆಸರಲ್ಲೂ ಹಾಡಿಕೊಂಡು ಹಳ್ಳಿ ತಿರುಗುತ್ತಿದ್ದರು. ಬೋಧಕನಿಗೆ ಹುರುಪು ಬರುವುದು ಹಾಗೆ.

ಕೊಪ್ಪಳದ ನಂತರ ನಡೆದ ಕುಷ್ಟಗಿ ಕೂಟದಲ್ಲಿ ನನ್ನವರು ಎದ್ದು, ಕೈಯೆತ್ತಿ, ಅನ್ಯಭಾಷೆಯಲ್ಲಿ ಮಾತಾಡಿದರು. ನಿನ್ನ ಯಜಮಾನರು ಅಪ್ಪಿಕೊಂಡು, "ನೋಡ್ರಿ, ಬಾರಕೋಲು ಬಿದ್ದ ಮ್ಯಾಲೆ ಎತ್ತು ಹೆಂಗ ಎದ್ದಿತು" ಎಂದರು. ದೇವರ ಸೇವಕ ಎತ್ತೇನು, ಕರುಣಮ್ಮ? ಹತ್ತು ಜನರ ಮುಂದೆ ಹಾಗನ್ನಲು ಅವರಿಗೆ ಯಾವ ವಾಕ್ಯ ಅಪ್ಪಣೆ ಕೊಟ್ಟಿತು?

ಇಷ್ಟನ್ನು ಅವರಿಗೆ ಓದಿ ಹೇಳು. ನಿನ್ನ ಮಗಳ ಬಾಣಂತನ ಸುಖವಾಗಿ ಮುಗಿಯಲಿ, ಕೂಸು ಕರ್ತನ ನೆರಳಲ್ಲಿ ಬೆಳೆಯಲಿ.

ನಿನ್ನ
ದುರುಗವ್ವ

ತಾ.ಕ.: ಇದನ್ನು ಮಾತ್ರ ಅವರಿಗೆ ಓದಬೇಡ. ಕುಷ್ಟಗಿಯಿಂದ ಬರುವಾಗ ನನ್ನವರು ದಾರಿಯಲ್ಲೇ ಕೂತುಬಿಟ್ಟರು. "ದುರುಗಿ, ಅದು ಆತ್ಮ ಆಡಿಸಿದ್ದಲ್ಲ. ನಾನ ಬಾಯಿಗೆ ಬಂದಿದ್ದು ಆಡೀನಿ" ಅಂದರು. ಅಂದಿನಿಂದ ಅವರಿಗೆ ಪ್ರಾರ್ಥನೆ ಬರುತ್ತಿಲ್ಲ. ಮೊನ್ನೆ ಪಕ್ಕದ ಮನೆಯ ಇಮಾಮಬಾನು ಜ್ವರದ ಮಗುವನ್ನು ತಂದು, "ತಲಿ ಮ್ಯಾಲೆ ಕೈ ಇಡ್ರಿ" ಎಂದು ಬೇಡಿದಳು. ಇವರು ಎರಡೂ ಕೈಗಳನ್ನು ಕಂಬಳಿಯೊಳಗೆ ಎಳೆದುಕೊಂಡು, "ನೀನ ಇಡು, ದುರುಗಿ" ಅಂದರು. ಇಟ್ಟೆ. ಇವರು ಗೋಡೆಗೆ ಮುಖ ಮಾಡಿ ಕೂತಿದ್ದರು.